ಮಾಣಿ, ಇನ್ನೊಂದು ಅವಲಕ್ಕಿ

ಮನೆಯವರೆಲ್ಲ ಸೇರಿ ಶಿರಸಿಗೆ ಹೋದರೆ ಹೋಟೆಲು ಹೊಕ್ಕೇ ಬರಬೇಕು ಎಂಬುದು ಈಗಿನ ಶಾಸ್ತ್ರ. ಮಗ, ಸೊಸೆ, ಮೊಮ್ಮಕ್ಕಳು ಸಾಲಾಗಿ ಕೂತು ದೋಸೆ ತಿನ್ನುತ್ತಾರೆ. ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ ಮೇಜು ಹಿಡಿಯುವವಳು ನನ್ನ ಸೊಸೆ. ನೋಡಿದರೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ನಾನು ಮಾತ್ರ ಹೊರಗೆ ಕಾರಿನಲ್ಲೇ ಕೂತಿರುತ್ತೇನೆ. ಅಜ್ಜಿಗೆ ಮಡಿ ಎಂದು ಮೊಮ್ಮಕ್ಕಳು ನಗುತ್ತಾರೆ. ಮಡಿಯೂ ಇಲ್ಲ, ಮಣ್ಣೂ ಇಲ್ಲ. ಆ ಮಡಿಯನ್ನು ನಾನು ಎಂದೋ ಹಗ್ಗದ ಮೇಲೆ ಒಣಗಲು ಹಾಕಿ, ತಿರುಗಿ ತರದೆ ಬಂದಿದ್ದೇನೆ. ಒಳಗೆ ಯಾರಾದರೂ ಗಟ್ಟಿಯಾಗಿ ‘ಏ ಮಾಣೀ’ ಎಂದು ಕೂಗಿಬಿಟ್ಟರೆ ನನ್ನ ಕೈಲಿ ತಡೆದುಕೊಳ್ಳಲಾಗುವುದಿಲ್ಲ, ಅಷ್ಟೇ. ಈಗ ಹಾಗೆ ಕೂಗುವವರು ಕಡಿಮೆ ಎಂದು ಮಗ ಹೇಳುತ್ತಾನೆ. ಇರಬಹುದು. ನನಗೇನೂ ನಂಬಿಕೆ ಬಂದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಮಾಣಿ ಎಂದರೆ ಗಂಡುಹುಡುಗ. ಮುದ್ದಿನ ಮಾತು ಅದು. ತೊಟ್ಟಿಲಲ್ಲಿ ಕಾಲು ಬಡಿಯುವವನೂ ಮಾಣಿ, ಮೀಸೆ ಬಂದು ನಾಲ್ಕು ಮಕ್ಕಳ ತಂದೆಯಾದವನೂ ಹೆತ್ತವಳ ಬಾಯಲ್ಲಿ ಮಾಣಿಯೇ. ಅದೇ ಮಾತು ಪೇಟೆಗೆ ಬಂದು ಹೋಟೆಲಿನ ಹೊಸ್ತಿಲು ದಾಟಿತೋ, ತಿಂಡಿ ತಂದಿಡುವವನು ಮಾಣಿ, ಎಂಜಲೆಲೆ ಎತ್ತುವವನು ಮಾಣಿ. ಅವನಿಗೆ ಅರುವತ್ತು ವರ್ಷವಾಗಿದ್ದರೂ ಮಾಣಿ. ನಮ್ಮ ಆಯಿ, ಅಂದರೆ ನನ್ನನ್ನು ಹೆತ್ತ ತಾಯಿ, ತನ್ನ ತಮ್ಮ ಗಣಪನನ್ನು ಮಾಣಿ ಎಂದೇ ಕರೆಯುತ್ತಿದ್ದಳು. ನಮ್ಮ ಅಪ್ಪಯ್ಯನೂ ಅವನನ್ನು ಮಾಣಿ ಎಂದೇ ಕರೆಯುತ್ತಿದ್ದ. ಇಬ್ಬರೂ ಒಂದೇ ಮಾತು ಆಡುತ್ತಾರಲ್ಲ ಎಂದು ಸಣ್ಣವಳಾಗಿದ್ದ ನನಗೆ ಸಂತೋಷವೇ ಆಗುತ್ತಿತ್ತು.

ಆಯಿಯ ತವರು ತ್ಯಾಗಲಿ. ತವರು ಎಂದು ನಾನು ಹೇಳುವುದು ಬಾಯಿ ರೂಢಿಗೆ; ನಾನು ಹುಟ್ಟುವ ಹೊತ್ತಿಗೆ ಅಲ್ಲಿ ನಮ್ಮದು ಅನ್ನಿಸಿಕೊಳ್ಳುವುದು ಏನೂ ಉಳಿದಿರಲಿಲ್ಲ. ಆಯಿಯ ಮದುವೆಯಾದ ಮೇಲೆ ಅವಳ ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ದಾಯಾದಿಗಳು ಜಮೀನು ಒಳಗೆ ಹಾಕಿಕೊಂಡು ಗಣಪಮಾವನನ್ನು ಹೊರಗೆ ಹಾಕಿದರು. ಅವನು ಗಂಡಸಾಗಿಯೂ ಜಗಳಕ್ಕೆ ಬಾರದ ಪ್ರಾಣಿ. ಕುಮಟೆಯ ಕಡೆ ಯಾರದೋ ಹೋಟೆಲಿನಲ್ಲಿ ಒಲೆಯ ಮುಂದೆ ಕೂತು ಕಲಿತು, ಆಮೇಲೆ ಶಿರಸಿ ಪೇಟೆಯಲ್ಲಿ ತನ್ನದೇ ಒಂದು ಸಣ್ಣ ಹೋಟೆಲು ಇಟ್ಟ. ಬೇಯಿಸುವವನೂ ಅವನೇ, ಬಡಿಸುವವನೂ ಅವನೇ. ಆಯಿಗೆ ಭೂಮಿಯ ಮೇಲೆ ಹುಟ್ಟಿದ ಮನೆ ಅಂತ ಉಳಿದದ್ದು ಆ ಹೊಗೆ ಹಿಡಿದ ಕೋಣೆ ಒಂದೇ. ಆದರೆ ಅದು ಹೋಟೆಲು. ಆ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹೆಂಗಸು ಹೋಟೆಲು ಹತ್ತುವುದೆಂದರೆ ಮೂಗು ಕೊಯ್ದುಕೊಂಡ ಹಾಗೆ. ಗಂಡಸರು ಹತ್ತಬಹುದಿತ್ತು. ಗಂಡಸರಿಗೆ ಮೂಗು ಎಲ್ಲಿ ಹೋದರೂ ಜೊತೆಗೇ ಇರುತ್ತದಲ್ಲ.

ಅಪ್ಪಯ್ಯ ಅಡಿಕೆ ವ್ಯಾಪಾರಕ್ಕೋ ಕೋರ್ಟಿನ ಕೆಲಸಕ್ಕೋ ಹೆಗಡೆಕಟ್ಟಾದಿಂದ ಶಿರಸಿಗೆ ಹೊರಟರೆ ಆಯಿ ಏನಾದರೂ ನೆಪ ತೆಗೆದು ತಾನೂ ಗಾಡಿ ಹತ್ತುತ್ತಿದ್ದಳು. ಒಮ್ಮೆ ಬಳೆ, ಒಮ್ಮೆ ಹಲ್ಲುನೋವು, ಒಮ್ಮೆ ದೇವಿಯ ಹರಕೆ. ಗಾಡಿ ಹುಸೇನಸಾಬರದು. ಅವರು ಶಿರಸಿಯವರು, ಅವರ ಎತ್ತುಗಳಿಗೆ ನಮ್ಮೂರ ದಾರಿ ಕಣ್ಣು ಮುಚ್ಚಿದರೂ ಗೊತ್ತಿತ್ತು. ಹೋಟೆಲಿನ ಪಕ್ಕದ ಓಣಿಯಲ್ಲಿ ಒಂದು ಹುಣಸೆಮರ, ಗಾಡಿ ನಿಲ್ಲುವುದು ಅದರಡಿ. ಒಳಗಿನ ಕೋಣೆಯ ಕಿಟಕಿ ಆ ಓಣಿಗೇ ತೆರೆದಿತ್ತು. ಹೊರಗಿನ ಬೆಂಚು ಎಲ್ಲರಿಗೆ, ಒಳಗಿನ ಕೋಣೆ ನಮ್ಮ ಜಾತಿಯವರಿಗೆ ಎಂಬುದು ಅಂದಿನ ಕಟ್ಟಳೆ. ಅಪ್ಪಯ್ಯ, ಅಣ್ಣ ಶ್ರೀಧರ, ನಾನು, ಮೂವರೂ ಇಳಿದು ಒಳಗೆ ಹೋಗುತ್ತಿದ್ದೆವು. ಆಯಿ ಗಾಡಿಯಲ್ಲೇ ಕೂರುತ್ತಿದ್ದಳು, ಕಿಟಕಿಯ ಕಡೆ ಮುಖ ಮಾಡಿ.

ಆ ಕೋಣೆಯ ವಾಸನೆ ಹೇಳಿ ಮುಗಿಯುವಂಥದ್ದಲ್ಲ. ಇಂಗು, ಕಾದ ಕೊಬ್ಬರಿ ಎಣ್ಣೆ, ಕುದ್ದು ಕುದ್ದು ಕಂದಿದ ಚಹಾ, ಒದ್ದೆ ಸೌದೆಯ ಹೊಗೆ. ನೆಲಕ್ಕೆ ಮಣೆ, ಮುಂದೆ ಬಾಳೆಎಲೆ. ಮಾವ ಒಗ್ಗರಣೆ ಅವಲಕ್ಕಿಗೆ ಸೂಜಿಮೆಣಸು ಜಜ್ಜಿ ಹಾಕುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ಖಾರ, ಕೊನೆಯಲ್ಲಿ ಒಂದು ಚೂರು ಬೆಲ್ಲದ ರುಚಿ. ಅದು ತ್ಯಾಗಲಿಯ ಮನೆಯ ಕ್ರಮ, ಆಯಿಯ, ಮಾವನ ತಾಯಿ ಮಾಡುತ್ತಿದ್ದ ಅವಲಕ್ಕಿ ಹಾಗೇ ಇರುತ್ತಿತ್ತಂತೆ. ನನ್ನ ಎಲೆಯ ಮೂಲೆಗೆ ಮಾವ ಕೇಳದೆ ಒಂದು ಬಾಳೆಹಣ್ಣಿನ ಬನ್ಸು ಇಡುತ್ತಿದ್ದ. ಅಪ್ಪಯ್ಯ ಹೊಟ್ಟೆ ತುಂಬ ತಿನ್ನುತ್ತಿದ್ದ. ತಿಂದು, ಪಕ್ಕದ ಮಣೆಯವರಿಗೆ ಕೇಳುವ ಹಾಗೆ ಕೂಗುತ್ತಿದ್ದ:

“ಏ ಮಾಣಿ, ಇನ್ನೊಂದು ಅವಲಕ್ಕಿ ತಾರಾ!”

ನಮ್ಮ ರೂಢಿಯಲ್ಲಿ ಭಾವ ಎಂದು ಕರೆಯಬೇಕಾದ ಹೆಂಡತಿಯ ತಮ್ಮನನ್ನು. ಮಾವ “ಬಂದೆ” ಎನ್ನುತ್ತಿದ್ದ. ಅಪ್ಪಯ್ಯ ದುಡ್ಡು ಕೊಡದೆ ಎದ್ದವನಲ್ಲ. ಅದನ್ನು ದೊಡ್ಡ ಗುಣ ಎಂದು ನಾನು ತಿಳಿದಿದ್ದೆ. ಕೊಟ್ಟರೆ ಗಿರಾಕಿ, ಕೊಡದಿದ್ದರೆ ನೆಂಟ ಎಂಬ ಲೆಕ್ಕ ನನಗೆ ತಿಳಿಯಲು ವರ್ಷಗಳು ಹಿಡಿದವು. ಕೆಲವೊಮ್ಮೆ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಮಾವ ಕಿಟಕಿಗೆ ಮುಖ ತಂದು ಕೇಳುತ್ತಿದ್ದ:

“ಅಕ್ಕಾ, ಆಸ್ರಿಗೆ ಕುಡಿಯಲೆ ಎಂತ ಬೇಕೇ? ಕಷಾಯ ಇದ್ದು.”

“ಎಂಗೆಂತೂ ಬೇಡ ಮಾಣಿ. ನೀ ಉಂಡ್ಯಾ?”

ಅಷ್ಟೇ ಅವರಿಬ್ಬರ ಮಾತುಕತೆ. ಅಕ್ಕ ಗಾಡಿಯಲ್ಲಿ, ತಮ್ಮ ಕಿಟಕಿಯಲ್ಲಿ. ಅಪ್ಪಯ್ಯ ಕೆಮ್ಮಿದರೆ ಅದೂ ನಿಂತು ಹೋಗುತ್ತಿತ್ತು. ಉಳಿದ ಹೊತ್ತು ಮಾವ ಒಳಗೆ ಬೇಕೆಂದೇ ಗಟ್ಟಿಯಾಗಿ ಮಾತಾಡುತ್ತಿದ್ದ. ಸೌದೆ ಹಸಿ ಎಂದೋ, ಹಾಲಿನವನು ನೀರು ಬೆರೆಸಿದ ಎಂದೋ, ಯಾರನ್ನೂ ಉದ್ದೇಶಿಸದೆ. ಅದೆಲ್ಲ ಆಯಿಗೆ ಕೇಳಲಿ ಅಂತ.

ನಾವು ಹೊರಡುವಾಗ ಬಾಳೆಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ಒಂದು ಪೊಟ್ಟಣ ನನ್ನ ಕೈಗೆ ಬರುತ್ತಿತ್ತು. ಆಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ತಿನ್ನುವ ಹಾಗಿಲ್ಲ, ಮನೆಗೆ ಒಯ್ಯುವ ಹಾಗೂ ಇಲ್ಲ. ಅಪ್ಪಯ್ಯನ ತಾಯಿ, ನಮ್ಮ ಅಜ್ಜಿ, ಹೋಟೆಲಿನ ಎಲೆಯ ಚೂರು ಅಂಗಳಕ್ಕೆ ಬಿದ್ದರೂ ಸೆಗಣಿ ನೀರು ಹಾಕಿಸುವವಳು. ಹೋಟೆಲಿನಲ್ಲಿ ತಿಂದು ಬಂದ ಮಗನ ಹೊಟ್ಟೆಗೆ ಮಾತ್ರ ಸೆಗಣಿ ನೀರು ಬೇಕಿರಲಿಲ್ಲ. ಊರ ಗಡಿಯ ಹಳ್ಳ ಬಂದಾಗ ಅಪ್ಪಯ್ಯ ಮತ್ತು ಅಣ್ಣ ಕಾಲು ತೊಳೆಯಲು ಇಳಿಯುತ್ತಿದ್ದರು. ಆಯಿ ಆಗ ಪೊಟ್ಟಣವನ್ನು ಒಮ್ಮೆ ಮೂಗಿಗೆ ಹಿಡಿದು ಹುಸೇನಸಾಬರಿಗೆ ಕೊಟ್ಟುಬಿಡುತ್ತಿದ್ದಳು. ಅವರು ಒಂದು ಸಲ ಕೇಳಿಯೇ ಕೇಳಿದರು:

“ನಿಮ್ಮ ತಮ್ಮನ ಕೈ ಅಡಿಗಿ ನಾನು ಉಣ್ಣೋದು, ನೀವು ಬರೇ ಮೂಸೋದು. ಇದೆಂಥಾ ನ್ಯಾಯರೀ ಅಮ್ಮಾ?”

“ನಿಮ್ಮ ಹೊಟ್ಟೆ ತಣ್ಣಗಾದ್ರೆ ಆತು ಸಾಬ್ರೇ,” ಎಂದಳು ಆಯಿ. ನಕ್ಕಳು ಕೂಡ. ಆ ನಗು ನೆನೆದರೆ ನನಗೆ ಇವತ್ತೂ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಆಯಿ ಬಾಯಿ ಬಿಟ್ಟು ಜಗಳ ಮಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ. ಚೌತಿ ಹಬ್ಬ ಹತ್ತಿರ ಬಂದಿತ್ತು. ಅಪ್ಪಯ್ಯ ಊಟಕ್ಕೆ ಕೂತಿದ್ದ, ಆಯಿ ಬಡಿಸುತ್ತಿದ್ದಳು, ನಾನು ನಡುಬಾಗಿಲಲ್ಲಿ ಹೂ ಬತ್ತಿ ಹೊಸೆಯುತ್ತಿದ್ದೆ.

“ಹಬ್ಬಕ್ಕೆ ಗಣಪನ ಕರೆಯನ. ಅಂವಂಗೂ ಒಂದು ಮನೆ ಹೇಳಿ ಬೇಡದಾ?”

“ಊರವರೆಲ್ಲ ಕೂತ ಪಂಕ್ತಿಲಿ ಎಂಜಲು ಎತ್ತವನ ಕೂರ್ಸಲಾಗ.”

“ಅವನ ಕೈ ಅವಲಕ್ಕಿ ತಿಂಬಲಕ್ಕು, ಪಂಕ್ತಿಲಿ ಕೂರ್ಸಲಾಗ. ನಿಂಗ್ಳ ನಾಲಿಗೆಗೆ ಬೇರೆ ಜಾತಿಯಾ?”

ಅಪ್ಪಯ್ಯ ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿ ಎದ್ದುಬಿಟ್ಟ. ಗಂಡ ಅರ್ಧ ಊಟಕ್ಕೆ ಎದ್ದರೆ ಹೆಂಡತಿಗೆ ಆ ದಿನ ಉಪವಾಸ. ಅಜ್ಜಿ ಒಳಗಿನಿಂದಲೇ ಅದನ್ನು ನೆನಪು ಮಾಡಿದಳು. ಮಾವ ಹಬ್ಬಕ್ಕೆ ಬರಲಿಲ್ಲ. ಅದಾದ ಮೇಲೆ ಯಾವ ಹಬ್ಬಕ್ಕೂ ಬರಲಿಲ್ಲ. ಅಪ್ಪಯ್ಯ ಹೋಟೆಲಿಗೆ ಹೋಗುವುದನ್ನು ಬಿಟ್ಟನೇ? ಅಯ್ಯೋ, ಎಲ್ಲಿಂದ! ಮುಂದಿನ ವಾರವೇ ಹೋಗಿ ಎರಡೆರಡು ಅವಲಕ್ಕಿ ತಿಂದು ಬಂದ.

ನನಗೆ ಒಂಬತ್ತು ತುಂಬುತ್ತಿದ್ದ ಹಾಗೆ ಅಪ್ಪಯ್ಯ, ಕೂಸು ಇನ್ನು ಗಾಡಿಯಲ್ಲೇ ಕೂರಲಿ ಎಂದ. ನಮ್ಮಲ್ಲಿ ಹುಡುಗಿ ಎಂದರೆ ಕೂಸು. ನಾನು ಹುಣಸೆಮರದಡಿ ಕಾಲು ಅಪ್ಪಳಿಸಿ ಅತ್ತೆ. ಮಣೆ, ಎಲೆಯ ಮೂಲೆಯ ಬನ್ಸು, ಎಲ್ಲ ಒಂದೇ ದಿನಕ್ಕೆ ಮುಗಿಯಿತು. ಆಯಿ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅಂದಿನಿಂದ ಕಿಟಕಿಯ ಈಚೆ ನಾವಿಬ್ಬರು. ಒಳಗೆ ಯಾರು ಏನು ಹೇಳಿದರು, ಎಷ್ಟು ಸಲ ಮಾವನನ್ನು ಕೂಗಿದರು, ಎಲ್ಲ ಇಬ್ಬರಿಗೂ ಕೇಳುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹದಿನಾಲ್ಕು ತುಂಬಿತೋ ಇಲ್ಲವೋ, ನನಗೆ ಯಲ್ಲಾಪುರ ಕಡೆಯಿಂದ ಒಂದು ಸಂಬಂಧ ಬಂತು. ದೊಡ್ಡ ಮನೆ, ಜಾತಕ ಕೂಡಿತ್ತು. ಹುಡುಗನ ಅಪ್ಪ ಹೆಗಡೆಯವರೂ ಅವರ ತಮ್ಮನೂ ಶಿರಸಿಗೆ ಬರುವವರಿದ್ದರು; ಅಲ್ಲೇ ಕಂಡು ಮಾತಾಡುವುದು, ಹಾಗೇ ಕೂಸನ್ನೂ ಒಮ್ಮೆ ಕಣ್ಣು ಹಾಯಿಸಿ ನೋಡುವುದು ಎಂದು ಆಯಿತು. ಆಯಿ ನನಗೆ ಜಡೆ ಹಾಕಿ ಅಬ್ಬಲಿಗೆ ಮುಡಿಸಿದಳು. ದಾರಿಯುದ್ದ ಅವಳ ಬಾಯಲ್ಲಿ ಒಂದೇ ಮಾತು. ಮದುವೆಯಲ್ಲಿ ಮಂಟಪಕ್ಕೆ ಕೂಸನ್ನು ಎತ್ತಿ ತರುವವನು ಸೋದರಮಾವ. ಆ ದಿನವಾದರೂ ಗಣಪನನ್ನು ಯಾರೂ ಹೊರಗೆ ನಿಲ್ಲಿಸುವಂತಿಲ್ಲ, ಅದು ಶಾಸ್ತ್ರ. ಹೊಸ ಪಂಚೆ, ಶಾಲು ತಾನೇ ಕೊಡುತ್ತೇನೆ ಎಂದಳು. ಅಪ್ಪಯ್ಯ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಷ್ಟಕ್ಕೇ ಆಯಿಗೆ ಹಬ್ಬ.

ಮಾತುಕತೆ ಬೇರೆಲ್ಲಾದರೂ ಇಟ್ಟುಕೊಳ್ಳಬೇಕೆಂದು ಅಪ್ಪಯ್ಯನ ಮನಸ್ಸಿನಲ್ಲಿ ಇದ್ದಿರಬೇಕು. ಪೇಟೆ ಮುಟ್ಟುತ್ತಲೇ ಹೆಗಡೆಯವರೇ ಎದುರಾಗಿ, ಇಲ್ಲಿ ಒಂದು ಹೋಟೆಲಿನಲ್ಲಿ ಅವಲಕ್ಕಿ ಬಹಳ ಚೆನ್ನಾಗಿರುತ್ತದಂತೆ, ಅಲ್ಲಿಗೇ ಹೋಗೋಣ ಎಂದರು. ಅಪ್ಪಯ್ಯನ ಮುಖ ಹುಳ್ಳಗಾಯಿತು. ಬೀಗರಾಗುವವರ ಮಾತು, ಬೇಡ ಎನ್ನುವ ಹಾಗಿಲ್ಲ. ಹೆಗಡೆಯವರು ಗಾಡಿಯ ಹತ್ತಿರ ಬಂದು ನನ್ನನ್ನು ನೋಡಿ, ಹೆಸರು ಕೇಳಿ, ಚಲೋ ಇದ್ದು ಕೂಸು ಎಂದು ಹೋದರು. ಒಳ್ಳೆಯ ಮುಖ. ಮುಂದೆಯೂ ನನಗೆ ಅವರಿಂದ ಕೆಟ್ಟದ್ದಾಗಲಿಲ್ಲ, ಹೇಳಬೇಕಾದ್ದನ್ನು ಹೇಳಬೇಕು. ಗಾಡಿ ಎಂದಿನಂತೆ ಹುಣಸೆಮರದಡಿ ನಿಂತಿತು; ಅಪ್ಪಯ್ಯ, ಅಣ್ಣ ಇಳಿದು ಹೆಗಡೆಯವರ ಜೊತೆ ಒಳಗೆ ಹೋದರು. ಹುಸೇನಸಾಬರು ಎತ್ತುಗಳಿಗೆ ಹುಲ್ಲು ಹಾಕಿದರು. ಆಯಿ ಕಿಟಕಿಗೆ ಕಿವಿ ಕೊಟ್ಟು ಕೂತಳು.

ಒಳಗೆ ಮಣೆ ಎಳೆದ ಸದ್ದು, ಎಲೆ ಹಾಸಿದ ಸದ್ದು. ಮಾವನ ದನಿ ಅಂದು ಯಾಕೋ ಕೇಳಲಿಲ್ಲ. ವರದಕ್ಷಿಣೆ, ಮುಹೂರ್ತ, ಊಟದ ಎಲೆ ಎಷ್ಟು ಎಂಬ ಮಾತೆಲ್ಲ ಮುಗಿಯಿತು. ಆಮೇಲೆ ಹೆಗಡೆಯವರು ಕೇಳಿದರು:

“ಕೂಸಿನ ಆಯಿಯ ತವರು ಯಾವುದು? ಮಂಟಪಕ್ಕೆ ಕರಕಂಡು ಬಪ್ಪಲೆ ಸೋದರಮಾವ ಇದ್ನಾ?”

ಆಯಿ ನನ್ನ ಕೈ ಹಿಡಿದುಕೊಂಡಳು. ಅಪ್ಪಯ್ಯ ಉತ್ತರ ಕೊಡಲು ಸ್ವಲ್ಪವೂ ತಡಮಾಡಲಿಲ್ಲ.

“ತವರು ಹೇಳಿ ಎಂತೂ ಇಲ್ಲೆ. ಒಬ್ಬ ತಮ್ಮ ಇದ್ದಿದ್ದ. ಸಣ್ಣಿದ್ದಾಗ್ಲೇ ತೀರಿಹೋದ. ಎನ್ನ ದಾಯಾದಿ ಒಬ್ಬ ಇದ್ದ, ಅವನೇ ನಿಂತು ಮಾಡ್ತ.”

ಮತ್ತೆ ಅದೇ ಉಸಿರಿನಲ್ಲಿ:

“ಏ ಮಾಣಿ, ಹೆಗಡೆಯವಕ್ಕೆ ಇನ್ನೊಂದು ಅವಲಕ್ಕಿ ತಾ!”

ಆಯಿ ಗಾಡಿಯಿಂದ ಇಳಿದದ್ದು ನನಗೆ ಗೊತ್ತಾದದ್ದು ಅವಳ ಕೈ ನನ್ನ ಕೈಯಿಂದ ಬಿಟ್ಟುಹೋದ ಮೇಲೆ. ಅವಳು ಸೆರಗು ಹೊದ್ದು ಓಣಿಯಿಂದ ಬೀದಿಗೆ ಬಂದಳು, ಹೊರಗಿನ ಬೆಂಚಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೆಯೇ ಒಳಗೆ ಹೋದಳು. ನಾನು ಬೆನ್ನಿಗೇ ಓಡಿದೆ. ಒಳಕೋಣೆಯ ಬಾಗಿಲಲ್ಲಿ ಅವಳು ನಿಂತಳು. ಅಷ್ಟು ವರ್ಷ ಹೊರಗೆ ಕಾದವಳು ತಮ್ಮನ ಒಲೆಯನ್ನು ಅಂದೇ ಮೊದಲು ನೋಡಿದ್ದು. ಮಾವ ಅವಲಕ್ಕಿಯ ಪಾತ್ರೆ ಹಿಡಿದು ಹೆಗಡೆಯವರ ಎಲೆಯ ಮುಂದೆ ಬಗ್ಗಿದ್ದ. ತಲೆ ಎತ್ತಿದ. ಅಪ್ಪಯ್ಯನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆಯಿಗೆ ಹೇಳಲು ಎಷ್ಟೋ ಇತ್ತು, ಅವಳ ಕುತ್ತಿಗೆಯ ನರ ಎದ್ದು ನಿಂತಿದ್ದು ನನಗೆ ಕಾಣುತ್ತಿತ್ತು. ಇವನು ಸತ್ತಿಲ್ಲ, ಇವನೇ ನನ್ನ ತಮ್ಮ, ಇವನೇ ಕೂಸಿನ ಸೋದರಮಾವ ಎಂದು ಹೇಳಲು ಬಂದವಳು. ಬಾಯಿಂದ ಹೊರಟದ್ದು ಮಾತ್ರ ಹುಟ್ಟಿದಾಗಿನಿಂದ ಅವನನ್ನು ಕರೆದ ಕರೆ.

“ಮಾಣೀ...”

ಆ ಕರೆ ಕೇಳಿದ ಮೇಲೆ ಇನ್ನೇನು ಹೇಳಬೇಕಿತ್ತು? ಎಲ್ಲ ತಿಳಿದುಹೋಯಿತು, ಇನ್ನು ಅಪ್ಪಯ್ಯನ ಕತೆ ಮುಗಿಯಿತು ಎಂದುಕೊಂಡೆ. ಹೆಗಡೆಯವರು ತಿರುಗಿ ನೋಡಿ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು.

“ಪಾಪ, ತಂಗಿಗೂ ಹಶಿವಾಯ್ದು ಕಾಣ್ತು. ಮಾಣಿ, ಅವಕ್ಕೂ ಗಾಡಿಗೆ ಎಂತಾರೂ ಕೊಡಾ.”

ಅವರಿಗೆ ಕೇಳಿಸಿದ್ದು ಒಬ್ಬ ಗಿರಾಕಿ ಹೋಟೆಲಿನ ಮಾಣಿಯನ್ನು ಕರೆದದ್ದು. ಅಪ್ಪಯ್ಯನಿಗೆ ಹೋದ ಉಸಿರು ಬಂತು. ಆಯಿ ಇನ್ನೊಮ್ಮೆ ಬಾಯಿ ತೆರೆದಳು. ಮಾವ ಅವಳನ್ನು ನೋಡಿದ, ನನ್ನ ಜಡೆಯ ಅಬ್ಬಲಿಗೆಯನ್ನು ನೋಡಿದ. ನೋಡಿ, ಅಕ್ಕನ ಜೊತೆ ಎಂದೂ ಆಡದ ಪೇಟೆಯ ಮಾತಿನಲ್ಲಿ ಹೇಳಿದ:

“ಬಂದೆ ಅಮ್ಮಾ. ನೀವು ಗಾಡೀಲಿ ಕೂತ್ಕೊಳ್ಳಿ. ಹೆಂಗಸರು ಒಳಗೆ ಬರೋ ಹಾಗಿಲ್ಲ.”

ಅಕ್ಕಾ ಎನ್ನಲಿಲ್ಲ, ಅಮ್ಮಾ ಎಂದ. ಬೀದಿಯವರಿಗೆ ಹೇಳುವ ಹಾಗೆ. ನನ್ನ ಮದುವೆ ಮುರಿಯಬಾರದೆಂದು ಹಾಗೆ ಹೇಳಿದ ಎಂಬುದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು, ಆಯಿಗೂ ಗೊತ್ತಾಯಿತು. ಗೊತ್ತಾಗಿಯೂ ನುಂಗಲು ಆಗುವಂಥದ್ದಲ್ಲ ಅದು. ಆಯಿ ತಿರುಗಿ ಬಂದು ಗಾಡಿ ಹತ್ತಿದಳು. ಹುಸೇನಸಾಬರು ಅವಳ ಮುಖ ನೋಡಿ ಬೇರೆ ಕಡೆ ನೋಡಿದರು.

ಮಾವ ಪೊಟ್ಟಣವನ್ನು ತಾನೇ ತಂದ. ಬಾಗಿಲಲ್ಲಿ ಹೆಗಡೆಯವರು ಕೈ ತೊಳೆಯುತ್ತಾ ನಿಂತಿದ್ದರು. ಮಾವನ ಕಣ್ಣುಗಳು ಕೆಂಪಾಗಿದ್ದವು. ಒಲೆಯ ಹೊಗೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

“ಬಿಸಿ ಇದೆ ಅಮ್ಮಾ. ಜಾಗ್ರತೆ.”

ಗಾಡಿ ಪೇಟೆ ದಾಟುವ ಮೊದಲೇ ಆಯಿ ಪೊಟ್ಟಣದ ನಾರು ಹರಿದಳು. ಅಪ್ಪಯ್ಯನ ಎದುರೇ, ಮೈಲಿಗೆ ಗಾಡಿಯಲ್ಲೇ, ಕೈ ಕೂಡ ತೊಳೆಯದೆ ತಿನ್ನತೊಡಗಿದಳು. ನಿಧಾನಕ್ಕಲ್ಲ, ಮುಕ್ಕಿದಳು. ಸೂಜಿಮೆಣಸಿಗೆ ಕಣ್ಣು ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೆ ಕೊಡಲಿಲ್ಲ, ಅಣ್ಣನಿಗೆ ಕೊಡಲಿಲ್ಲ. ಹಳ್ಳ ಬಂದಾಗ ಎಲೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಆಯಿ ಎಲೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮನೆಯ ಮುಂದೆ ಇಳಿದವಳೇ ಅದನ್ನು ಅಜ್ಜಿಯ ಕಣ್ಣೆದುರೇ ಅಂಗಳಕ್ಕೆ ಎಸೆದಳು. ಅಜ್ಜಿ ಸೆಗಣಿ ನೀರು ತರಲು ಯಾರನ್ನೂ ಕೂಗಲಿಲ್ಲ. ಆಯಿಯ ಮುಖ ನೋಡಿದರೆ ಯಾರಿಗೂ ಧೈರ್ಯ ಬರುವಂತಿರಲಿಲ್ಲ.

ಮದುವೆ ಆಯಿತು. ಹೆಗಡೆಯವರೇ ಹೇಳಿ ಕಳಿಸಿದ್ದರು, ಅಡಿಗೆಗೆ ಶಿರಸಿಯ ಆ ಮಾಣಿಯೇ ಬರಲಿ ಎಂದು. ಮಾವ ಬಂದ. ನಮ್ಮ ಮನೆಯ ಅಂಗಳವನ್ನು ಅವನು ಮೆಟ್ಟಿದ್ದು ಹೀಗೆ, ಸೌಟು ಹಿಡಿದು, ಹಿತ್ತಿಲ ದಾರಿಯಲ್ಲಿ. ಹೊಸ ಪಂಚೆ ಉಟ್ಟು ನನ್ನನ್ನು ಎತ್ತಿಕೊಂಡವನು ಅಪ್ಪಯ್ಯನ ದಾಯಾದಿ. ಅವನ ಮೈಯೆಲ್ಲ ಹೊಗೆಸೊಪ್ಪಿನ ನಾತ. ಅವನ ಹೆಗಲ ಮೇಲಿನಿಂದ ನನಗೆ ಕಂಡದ್ದು ಅಡಿಗೆ ಚಪ್ಪರದ ಕಂಬ ಮತ್ತು ಅದಕ್ಕೆ ಒರಗಿ ನಿಂತ ಗಣಪಮಾವ. ಎರಡೂ ಕೈ ಖಾಲಿ ಮಾಡಿಕೊಂಡು ನಿಂತಿದ್ದ. ಪಂಕ್ತಿಯಲ್ಲಿ ಆ ದಿನ ಎಷ್ಟು ಬಾಯಿಗಳು ಮಾಣಿ, ಮಾಣಿ ಎಂದು ಕೂಗಿದವೋ. ಆಯಿ ಅಡಿಗೆ ಚಪ್ಪರದ ಕಡೆ ತಿರುಗಿ ಸಹ ನೋಡಲಿಲ್ಲ. ನೋಡಿದರೆ ತನ್ನಿಂದ ಏನಾಗುತ್ತದೋ ಎಂದು ಹೆದರಿದ್ದಳು ಎಂದು ನಾನು ತಿಳಿದಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಮಾವ ಹೋಟೆಲು ಮುಚ್ಚಿ ಹುಬ್ಬಳ್ಳಿ ಕಡೆ ಹೋದ ಎಂದು ಹುಸೇನಸಾಬರು ಸುದ್ದಿ ತಂದರು. ಆಮೇಲೆ ಅವನ ಸುದ್ದಿ ಇಲ್ಲ. ಮಾವ ತೀರಿಹೋದ ಎಂದು ಅಪ್ಪಯ್ಯ ಹೇಳಿದ್ದ, ಅವನು ಸತ್ತವರ ಹಾಗೆಯೇ ಹೋದ.

ಚೊಚ್ಚಲ ಬಾಣಂತನಕ್ಕೆ ನಾನು ತವರಿಗೆ ಬಂದೆ. ನನಗೆ ತವರು ಇತ್ತಲ್ಲ. ಗಂಡುಮಗು ಹುಟ್ಟಿತು. ಮನೆ ತುಂಬ ಮಾಣಿ, ಮಾಣಿ ಎಂಬ ಗೌಜಿ. ಅಜ್ಜಿ, ಅಣ್ಣ, ಕೆಲಸದವರು, ಎಲ್ಲರ ಬಾಯಲ್ಲೂ ಅದೇ. ಅಪ್ಪಯ್ಯನೂ ತೊಟ್ಟಿಲಿಗೆ ಬಗ್ಗಿ ಏ ಮಾಣಿ ಎಂದ. ಆಯಿ ಮಗುವನ್ನು ಮೀಯಿಸಿ, ಎಣ್ಣೆ ಹಚ್ಚಿ, ಧೂಪ ಹಾಕಿ ಎತ್ತಿಕೊಂಡು ತಿರುಗುತ್ತಿದ್ದಳು, ಮಾತಿಲ್ಲದೆ. ಮೊದಲು ಮಾಣಿ ಎನ್ನುತ್ತಿದ್ದ ಅಣ್ಣನನ್ನು ಅವಳು ಶ್ರೀಧರ ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಿರುವುದನ್ನು ನಾನು ಗಮನಿಸಿದ್ದು ಆಗ. ಯಾವಾಗಿನಿಂದ ಹಾಗೆ ಎಂದು ಅಣ್ಣನನ್ನು ಕೇಳಿದೆ. ನಾವು ಆ ದಿನ ಶಿರಸಿಯಿಂದ ತಿರುಗಿ ಬಂದಾಗಿನಿಂದ ಎಂದ. ಬಾಣಂತಿ ಕೋಣೆಯಲ್ಲಿ ಮಗು ಒಂದೇ ಸಮ ಅಳುತ್ತಿತ್ತು. ಆಯಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಏನೋ ಕರೆಯಲು ಬಾಯಿ ತೆರೆದು, ಮುಚ್ಚಿದಳು. ನನ್ನ ಕಡೆ ತಿರುಗಿ ಹೇಳಿದಳು:

“ಬೇಗ ಒಂದು ಹೆಸರು ಇಡೇ ಕೂಸೇ. ಎಂಗೆ ಇದರ ಕರೆಯಲೆ ಎಂತಾರೂ ಬೇಕು.”